ಮಾಲ್ಕಿ (ಸ್ವಂತ ಒಡೆತನದ) ಜಮೀನಿನಲ್ಲಿ ಕಾಡುಮರ ಬೆಳೆಸಲು ಜಮೀನುದಾರರು ಮುಂದೆ ಬರುವುದು ಯಾವಾಗ, ಹಿಂಜರಿಯುವುದು ಎಲ್ಲಿ?

ಕಾಡಂಚು

ಗದ್ದೆ ಮೇಲಿನ ದರೆ, ತೋಟದಂಚಿನ ಗುಡ್ಡ, ಆಳು ಸಿಗದೆ ಬಿಟ್ಟ ಖುಷ್ಕಿ (ಮಳೆ ನಂಬಿದ ಒಣಭೂಮಿ): ಮಲೆನಾಡಿನ ಪ್ರತಿ ಊರಲ್ಲೂ ಇಂಥ ಜಮೀನು ಬೇಕಾದಷ್ಟಿದೆ. ಅಲ್ಲಿ ಕಾಡುಮರ ಬರಲಿ ಎಂದು ಅರಣ್ಯ ಇಲಾಖೆಯೂ ಸಂಘ ಸಂಸ್ಥೆಗಳೂ ಸಸಿ ಕೊಡುತ್ತವೆ. ಆದರೂ ಹೆಚ್ಚಿನವರು ಸಿಲ್ವರ್ ಓಕ್ ನೆಡುತ್ತಾರೆ, ಇಲ್ಲವೇ ಅಡಿಕೆಗೆ ಹೋಗುತ್ತಾರೆ. "ಜನರಿಗೆ ಅರಿವಿಲ್ಲ" ಎಂಬ ಉತ್ತರ ಇಲ್ಲಿ ಬೇಡ. ಮತ್ತಿಯಿಂದ ಹೊನ್ನೆಯವರೆಗೆ ಪ್ರತಿ ಮರದ ಉಪಯೋಗ ಗೊತ್ತಿರುವ ಜನ ಇವರು. ನಿರ್ಧಾರ ಕೆಡುವುದು ಕಾನೂನಿನಲ್ಲೋ, ಬೇಲಿಯ ಖರ್ಚಿನಲ್ಲೋ, ಆದಾಯದಲ್ಲೋ, ಮನೆಯ ಪಾಲು ಪಟ್ಟಿಯಲ್ಲೋ? ಲೆಕ್ಕ, ಕಾಗದ, ಗಿಡದ ಹೆಸರು ಸಮೇತ ಬರೆಯಿರಿ.

ಬಾಣೆ_ಕಾಫಿ

ಕೊಡಗಿನ ಮಟ್ಟಿಗೆ ಹೇಳುವುದಾದರೆ ಕಡಿಯುವ ಹಕ್ಕೇ ಮೊದಲು, ಉಳಿದದ್ದೆಲ್ಲ ಆಮೇಲೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಒಂದೇ ತೋಟದಲ್ಲಿ ಹೊನ್ನೆಯೂ ಸಿಲ್ವರ್ ಓಕೂ ಅಕ್ಕಪಕ್ಕ ನಿಂತಿವೆ ಎಂದುಕೊಳ್ಳಿ. ಸಿಲ್ವರ್ ಓಕ್ ಆದರೆ ವ್ಯಾಪಾರಿ ಬರುತ್ತಾನೆ, ಸುತ್ತಳತೆ ನೋಡುತ್ತಾನೆ, ರೇಟು ಕುದುರಿದರೆ ಅದೇ ವಾರ ಲಾರಿ. ಹೊನ್ನೆಗೆ ಅರ್ಜಿ, ಪಹಣಿ, ಸ್ಕೆಚ್, ವಲಯ ಅರಣ್ಯಾಧಿಕಾರಿಯ ಸ್ಥಳ ತನಿಖೆ, ಮರಕ್ಕೆ ಗುರುತು, ಕಡಿದ ಮೇಲೆ ನಾಟಾ (ಮರದ ದಿಮ್ಮಿ) ಅಳತೆ, ಹ್ಯಾಮರ್ ಮುದ್ರೆ, ಸಾಗಾಣಿಕೆ ಪಾಸು. ಇಷ್ಟು ಓಡಾಡಲು ಸಣ್ಣ ಬೆಳೆಗಾರನಿಗೆ ಪುರುಸೊತ್ತಿಲ್ಲ. ಅವನು ಮರವನ್ನು ಅರ್ಧ ಬೆಲೆಗೆ ನಾಟಾ ವ್ಯಾಪಾರಿಗೆ ಕೊಟ್ಟು "ಕಾಗದ ನೀವೇ ಮಾಡಿಸಿಕೊಳ್ಳಿ" ಎನ್ನುತ್ತಾನೆ. ಹೊನ್ನೆಯ ಮಾರುಕಟ್ಟೆ ಬೆಲೆ ಎಷ್ಟೇ ಇರಲಿ, ಬೆಳೆದವನ ಕೈಗೆ ಬರುವುದು ಸಿಲ್ವರ್ ಓಕಿಗಿಂತ ಹೆಚ್ಚೇನಲ್ಲ. ನೇರ ಬೆಳೆಯುವ ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿಯೂ ಚೆನ್ನಾಗಿ ಹಬ್ಬುತ್ತದೆ. ಹಾಗಿರುವಾಗ ಅವನು ಯಾವುದನ್ನು ನೆಡಬೇಕು?

ಜಮ್ಮಾ ಬಾಣೆ (ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡು ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಮೀನು) ಇದ್ದವರ ಸ್ಥಿತಿ ಇನ್ನೂ ಬಿಗಿ. ರಿಡೀಮ್ ಆಗದ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಬಾಣೆಯಲ್ಲಿ ಮರದ ಮೇಲಿನ ಹಕ್ಕು ಸರ್ಕಾರದ್ದು. ನೆರಳು, ಸೊಪ್ಪು, ಮನೆ ಬಳಕೆಯ ಸೌದೆ ನಮಗೆ, ನಾಟಾ ನಮ್ಮದಲ್ಲ. ಇದರ ಪರಿಣಾಮ ಕಾಣಬೇಕಾದರೆ ತೋಟ ಸವರುವ ಹೊತ್ತಿಗೆ ಬನ್ನಿ. ತಾನಾಗಿ ಹುಟ್ಟಿದ ಬೀಟೆ, ಹೊನ್ನೆ, ನಂದಿ ಸಸಿಗಳು ಮೊಣಕಾಲೆತ್ತರ ಆಗುವ ಮೊದಲೇ ಕತ್ತಿಗೆ ಬೀಳುತ್ತವೆ. ಮರ ಉಳಿಸಲೆಂದು ಮಾಡಿದ ಕಾನೂನು ಸಸಿಯನ್ನು ಅಳಿಸುತ್ತಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ದೊಡ್ಡ ಮರಗಳು ಇವತ್ತು ಕಾಣುತ್ತಿವೆ, ಸರಿ. ಅವುಗಳ ಕೆಳಗೆ ಮುಂದಿನ ತಲೆಮಾರಿನ ಮರ ಇಲ್ಲ.

ಬಯಲುಸೀಮೆ_ಚಂದನ

ಬಾಣೆ ಅವರ ಮಾತಿಗೆ ಶ್ರೀಗಂಧವೇ ಸಾಕ್ಷಿ. 2001ರ ತಿದ್ದುಪಡಿಗೆ ಮೊದಲು ನಿಮ್ಮ ಹೊಲದಲ್ಲಿ ಹುಟ್ಟಿದ ಗಂಧದ ಗಿಡಕ್ಕೂ ನೀವು ಒಡೆಯರಲ್ಲ. ಬದುವಿನಲ್ಲಿ ಗಂಧ ಕಂಡರೆ ಕಿತ್ತು ಬಿಸಾಡುವುದೇ ಕ್ಷೇಮ ಎಂಬ ಕಾಲ ಅದು. ತಿದ್ದುಪಡಿ ಒಡೆತನ ಕೊಟ್ಟ ಮೇಲೆ ತಿಪಟೂರು, ಚಿತ್ರದುರ್ಗದ ಕಡೆಯೂ ಜನ ದುಡ್ಡು ಹಾಕಿ ಗಂಧ ನೆಟ್ಟರು. ಗಿಡವೂ ಅದೇ, ರೈತನೂ ಅವನೇ, ಬದಲಾದದ್ದು ಒಡೆತನ ಒಂದೇ.

ಆದರೆ ಒಡೆತನವೊಂದರಿಂದ ಮರ ಉಳಿಯುವುದಿಲ್ಲ ಎಂಬುದನ್ನೂ ಗಂಧವೇ ತೋರಿಸುತ್ತದೆ. ಚೇಗು (ಪರಿಮಳದ ಒಳತಿರುಳು) ಕಟ್ಟಲು ಶುರುವಾದ ಮೇಲೆ ಕಳ್ಳರ ಕಾಟ. ಕಾವಲಿನ ಖರ್ಚು ಲೆಕ್ಕ ಹಾಕದೆ ನೆಟ್ಟವರು ಎಳೆ ಮರವನ್ನೇ ಮಾರಿ ಕೈ ತೊಳೆದುಕೊಂಡಿದ್ದಾರೆ. ಇನ್ನೊಂದು ತಾಂತ್ರಿಕ ಸೋಲು: ಗಂಧ ಪಕ್ಕದ ಗಿಡದ ಬೇರಿಗೆ ಬೇರು ಹೂಡಿ ಬದುಕುವ ಜಾತಿ. ಎಳೆಯದರಲ್ಲಿ ತೊಗರಿಯಂಥ ಆಸರೆ ಗಿಡ, ಬೆಳೆದ ಮೇಲೆ ಹೊಂಗೆ, ಗಾಳಿಮರದಂಥ ಬಹುಕಾಲದ ಜೊತೆಗಾರ ಬೇಕು. ಗಂಧವನ್ನಷ್ಟೇ ಸಾಲಾಗಿ ನೆಟ್ಟರೆ ಎರಡು ಮೂರು ವರ್ಷಕ್ಕೆ ಹಳದಿ ತಿರುಗಿ ಕುಂತುಬಿಡುತ್ತದೆ.

ಪಹಣಿ_ಓದುಗ

"ನನ್ನ ಜಮೀನು" ಎಂಬ ಮಾತಿಗೆ ಕಂದಾಯ ದಾಖಲೆಯಲ್ಲಿ ಹಲವು ಅರ್ಥ. ನಿರ್ಧಾರಕ್ಕೆ ಮೊದಲು ಇದನ್ನು ಬಿಡಿಸಿಕೊಳ್ಳದವರೇ ಆಮೇಲೆ ಸಿಕ್ಕಿಬೀಳುವುದು.

ಮಾಲ್ಕಿ ಅಥವಾ ವರ್ಗ ಜಮೀನಾದರೆ ಒಡೆತನ ಸ್ಪಷ್ಟ. ದರಖಾಸ್ತಿನಲ್ಲಿ (ಸರ್ಕಾರ ಮಂಜೂರು ಮಾಡಿ) ಬಂದದ್ದಾದರೆ ಮಂಜೂರಾತಿ ಆದೇಶ ತೆಗೆದು ಷರತ್ತು ಓದಿ: ಮಂಜೂರಾದಾಗ ಇದ್ದ ಮರಗಳ ಬೆಲೆ ಕಟ್ಟಿದ್ದೀರಾ, ಪರಭಾರೆ (ಮಾರಾಟ, ವರ್ಗಾವಣೆ) ನಿಷೇಧದ ಅವಧಿ ಮುಗಿದಿದೆಯಾ? ಕುಮ್ಕಿ, ಕಾನೆ, ಬಾಣೆ, ಬೆಟ್ಟ, ಹಾಡಿ ಇವೆಲ್ಲ 1964ರ ಭೂ ಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಬರುವ, ಸರ್ಕಾರಿ ಭೂಮಿಯನ್ನು ಬಳಸುವ ಸವಲತ್ತುಗಳು. ಸವಲತ್ತು ಬೇರೆ, ಒಡೆತನ ಬೇರೆ. ಅಲ್ಲಿ ನೆಟ್ಟ ಮರದ ನಾಟಾ ನಿಮ್ಮದಾಗುತ್ತದೆ ಎಂದು ಯಾರಾದರೂ ಹೇಳಿದರೆ ಬರಹದಲ್ಲಿ ಕೊಡಲು ಹೇಳಿ.

ಎರಡನೆಯ ಭಯ ಡೀಮ್ಡ್ ಅರಣ್ಯದ್ದು, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಕಾಡೆಂದೇ ಪರಿಗಣಿಸುವ ಜಾಗದ್ದು. 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡು ಎಂದಿತು. ಕರ್ನಾಟಕ ಮೊದಲು ಸುಮಾರು 9.94 ಲಕ್ಷ ಹೆಕ್ಟೇರನ್ನು ಡೀಮ್ಡ್ ಎಂದು ಗುರುತಿಸಿತ್ತು. 2022ರಲ್ಲಿ ಅದು ಸುಮಾರು 3.30 ಲಕ್ಷಕ್ಕೆ ಇಳಿಯಿತು. 2023ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು, 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ಸದ್ಯಕ್ಕೆ ಹಳೆಯ ಅರ್ಥವನ್ನೇ ಪಾಲಿಸಿ ಎಂದಿತು. ಹೀಗೆ ಮೇಲೆ ಕೆಳಗೆ ಆಗುತ್ತಿರುವಾಗ, ಗುಡ್ಡವನ್ನು ಇಪ್ಪತ್ತು ವರ್ಷ ಬಿಟ್ಟು ಕಾಡು ಮಾಡಿದರೆ ನಾಳೆ ಅದು ಕೈತಪ್ಪುತ್ತದೆ ಎಂದು ಜಮೀನುದಾರ ಹೆದರುವುದು ಸಹಜ. ಪಶ್ಚಿಮ ಘಟ್ಟ ರಕ್ಷಣೆಯ ಕಸ್ತೂರಿರಂಗನ್ ವರದಿ ಆಧರಿಸಿ ಮತ್ತೆ ಮತ್ತೆ ಬಂದ ಕರಡು ಅಧಿಸೂಚನೆಗಳೂ ಈ ಭಯಕ್ಕೆ ನೀರೆರೆದಿವೆ. ಕರ್ನಾಟಕದ 20,668 ಚದರ ಕಿ.ಮೀ. ಅದರ ವ್ಯಾಪ್ತಿಯಲ್ಲಿತ್ತು.

ಭಯಕ್ಕೆ ಮದ್ದು ದಾಖಲೆ. ಹೇಗೆಂದರೆ, ನೆಡುವ ಮೊದಲು ನಿಮ್ಮ ಸರ್ವೆ ನಂಬರು ಜಿಲ್ಲೆಯ ಡೀಮ್ಡ್ ಪಟ್ಟಿಯಲ್ಲಿದೆಯೇ ಎಂದು ನೋಡಿ. ನರ್ಸರಿಯ ರಸೀದಿ, ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ನೋಂದಣಿ ಪ್ರತಿ, ದಿನಾಂಕ ಮತ್ತು ಜಾಗ ದಾಖಲಾಗುವ ಫೋಟೋ ಇವನ್ನು ಒಂದೇ ಕಡತದಲ್ಲಿಡಿ. ಪ್ರತಿ ವರ್ಷ ಬೆಳೆ ಸಮೀಕ್ಷೆಯಲ್ಲಿ ಆ ಮರಗಳನ್ನು ದಾಖಲಿಸಿ. ಮರ ನೆಟ್ಟದ್ದು ನೀವೇ ಎಂದು ಮೂವತ್ತು ವರ್ಷದ ನಂತರ ತೋರಿಸಬೇಕಾದಾಗ ಬಾಯಿಮಾತು ನಡೆಯುವುದಿಲ್ಲ.

ಕರಾವಳಿ_ಗುಡ್ಡೆ

ಕಾಗದದ ಮಾತೆಲ್ಲ ಸರಿ ಮಾರಾಯ್ರೆ, ಆದರೆ ಮೊದಲ ಮೂರು ವರ್ಷ ದನದ ಬಾಯಿಂದ ಸಸಿ ಉಳಿಸುವುದು ಹೇಗೆ ಎಂದು ಯಾರೂ ಬರೆಯಲಿಲ್ಲವಲ್ಲ. ಹೆಚ್ಚಿನವರು ಹಿಂದೆ ಸರಿಯುವುದು ಅಲ್ಲಿ. ಸಸಿಗೆ ಸಬ್ಸಿಡಿ ಉಂಟು, ಬೇಲಿಗೆ ಇಲ್ಲ.

ಲೆಕ್ಕ ಹೀಗೆ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಮೂರು ಮೀಟರಿಗೊಂದು ಕಂಬ ಎಂದರೆ 85 ಕಂಬ, ನಾಲ್ಕು ಎಳೆಗೆ ಸಾವಿರ ಮೀಟರು ತಂತಿ. ಅದೇ ಐದು ಎಕರೆಗೆ ಸುತ್ತಳತೆ 569 ಮೀಟರ್, ಅಂದರೆ ಎಕರೆಗೆ 114 ಮೀಟರ್ ಮಾತ್ರ. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಹಾಗಾಗಿ ಒಬ್ಬೊಬ್ಬರನ್ನು ಒಪ್ಪಿಸುವ ಬದಲು ಗಡಿ ತಾಗುವ ನಾಲ್ಕೈದು ಮನೆಗಳನ್ನು ಒಟ್ಟಿಗೆ ಕೂರಿಸಿದರೆ ಕೆಲಸ ಆಗುತ್ತದೆ. ಪಕ್ಕದ ಮನೆಯವರು ಸೇರಿದರು ಎನ್ನುವುದು ಇಲಾಖೆಯ ಹತ್ತು ಕರಪತ್ರಕ್ಕಿಂತ ಹೆಚ್ಚು ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ. ನಂಬಿಕೆಯ ಜೊತೆಗೆ ಖರ್ಚೂ ಹಂಚಿಹೋಗುತ್ತದೆ.

ತಂತಿ ಬೇಡವೆಂದರೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಜೀವಂತ ಬೇಲಿ. ಐದಾರು ಅಡಿ ಉದ್ದದ, ಹೆಬ್ಬೆರಳಿಗಿಂತ ದಪ್ಪದ ಗ್ಲಿರಿಸಿಡಿಯಾ ಗೂಟವನ್ನು ಮೇ ಕೊನೆಗೆ ಒಂದೂವರೆ ಅಡಿಗೊಂದರಂತೆ ಊರಬೇಕು. ಎಕರೆಗೆ ಸುಮಾರು 560 ಗೂಟ. ದನ ತಡೆಯುವಷ್ಟು ಗಟ್ಟಿಯಾಗಲು ಎರಡು ಮಳೆಗಾಲ ಬೇಕು. ಅಷ್ಟರವರೆಗೆ ಮುಳ್ಳು ಒಟ್ಟಬೇಕು. ಆದ್ದರಿಂದ ಬೇಲಿ ಈ ವರ್ಷ, ಗಿಡ ಮುಂದಿನ ವರ್ಷ. ಎರಡನ್ನೂ ಒಂದೇ ಜೂನಿನಲ್ಲಿ ಮಾಡಿದರೆ ಸಸಿ ದನಕ್ಕೆ.

ನರ್ಸರಿ_ಸಾಗರ

ಪ್ರೋತ್ಸಾಹಧನದ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ನಿರೀಕ್ಷೆಯೂ ತಪ್ಪು, ಕ್ರಮವೂ ತಪ್ಪು.

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011–12ರಿಂದ ಇದೆ. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಕೊಂಡು ನೆಟ್ಟರೆ ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ನಾಲ್ಕು ಮೀಟರ್ ಅಂತರದಲ್ಲಿ ಎಕರೆಗೆ 250 ಗಿಡ ಹಿಡಿಸುತ್ತವೆ. ಅದರಲ್ಲಿ ಮೊದಲ ವರ್ಷ 200, ಆಮೇಲೆ 180, ಆಮೇಲೆ 170 ಉಳಿದು ಎಲ್ಲಕ್ಕೂ ಹಣ ಸಿಕ್ಕರೆ ಮೂರು ವರ್ಷಕ್ಕೆ 22,700 ರೂಪಾಯಿ. ಜಂಬಿಟ್ಟಿಗೆ ನೆಲದಲ್ಲಿ ಒಂದೂವರೆ ಅಡಿ ಗುಂಡಿ ಒಬ್ಬ ಆಳು ದಿನಕ್ಕೆ 20–25 ತೆಗೆದರೆ ಹೆಚ್ಚು. ಗುಂಡಿಗೇ ಹತ್ತು ಹನ್ನೆರಡು ಆಳು, ಮೇಲೆ ನೆಡುವುದು, ವರ್ಷಕ್ಕೆರಡು ಸಲ ಸವರುವುದು. ದುಡ್ಡು ಅಲ್ಲಿಗಲ್ಲಿಗೆ. ಅಂದರೆ ಇದು ಹೇಗೂ ನೆಡಬೇಕೆಂದಿದ್ದವನಿಗೆ ಕೈ ಹಿಡಿಯುವ ಯೋಜನೆ. ಮನಸ್ಸಿಲ್ಲದವನ ಮನಸ್ಸನ್ನು ತಿರುಗಿಸುವಷ್ಟು ದೊಡ್ಡದಲ್ಲ. ಬೇಲಿಯ ಖರ್ಚು ಇದರಲ್ಲಿ ಹುಟ್ಟುವುದೇ ಇಲ್ಲ. ಸಣ್ಣ ಹಿಡುವಳಿದಾರರು ಜಾಬ್ ಕಾರ್ಡ್ ಇದ್ದರೆ ಗುಂಡಿ ತೆಗೆಯುವ ಕೂಲಿಯನ್ನು ಉದ್ಯೋಗ ಖಾತ್ರಿಯಲ್ಲಿ ಪಡೆಯಲು ಸಾಧ್ಯವೇ ಎಂದು ಪಂಚಾಯಿತಿಯಲ್ಲಿ ಮೊದಲೇ ಕೇಳಿ.

ಹಣ ತಪ್ಪುವುದು ಎಲ್ಲಿ? ಪಹಣಿ ತಂದೆಯ ಹೆಸರಲ್ಲೇ ಇದೆ, ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ವರ್ಗಾವಣೆ) ಆಗಿಲ್ಲ. ಜಂಟಿ ಖಾತೆ, ಉಳಿದವರ ಒಪ್ಪಿಗೆ ಪತ್ರ ಇಲ್ಲ. ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆ. ಎಣಿಕೆಗೆ ಬಂದ ದಿನ ಗಿಡದ ಸುತ್ತ ಕಮ್ಯುನಿಸ್ಟ್ ಗಿಡ ಎಂಬ ಕಳೆ ಎದೆಯೆತ್ತರ ಬೆಳೆದಿದ್ದು ಸಸಿಯೇ ಕಾಣುವುದಿಲ್ಲ. ಕೊನೆಯದಕ್ಕೆ ಸುಲಭ ಉಪಾಯವಿದೆ: ಪ್ರತಿ ಸಸಿಗೆ ಬಿದಿರಿನ ಗೂಟ ನೆಟ್ಟು ತುದಿಗೆ ಸುಣ್ಣ ಬಳಿಯಿರಿ. ಎಣಿಸಲೂ ಸುಲಭ, ಸವರುವ ಯಂತ್ರಕ್ಕೆ ಸಿಕ್ಕಿ ಸಾಯುವುದೂ ತಪ್ಪುತ್ತದೆ.

ಸಸಿ ಆರಿಸುವಾಗ 5×8 ಇಂಚಿನ ಸಣ್ಣ ಚೀಲ ಅಗ್ಗ ಎಂದು ತೆಗೆದುಕೊಳ್ಳಬೇಡಿ, ಅದರಲ್ಲೂ ಕಳೆ ಎತ್ತರ ಬೆಳೆಯುವ ಜಾಗಕ್ಕೆ. 8×12ರಲ್ಲಿ ಒಂದು ವರ್ಷ ಬೆಳೆದ ಸಸಿ ಕಳೆಯ ಮೇಲೆ ತಲೆ ಎತ್ತುತ್ತದೆ. ಹಳೆಯ ಚೀಲದಲ್ಲಿ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ಸುರುಳಿಯನ್ನು ಕತ್ತರಿಸಿ ನೆಡಿ, ಇಲ್ಲದಿದ್ದರೆ ಹತ್ತು ವರ್ಷದ ಮರ ಗಾಳಿಗೆ ಬುಡಮೇಲಾಗುತ್ತದೆ. ಜೂನಿನ ಮೊದಲ ಹದ ಮಳೆಗೆ ನೆಡಬೇಕು. ಆಗಸ್ಟಿನಲ್ಲಿ ನೆಟ್ಟರೆ ಬೇರು ಇಳಿಯುವ ಮೊದಲೇ ಮಳೆ ನಿಲ್ಲುತ್ತದೆ. ಜನವರಿಯಲ್ಲಿ ಸತ್ತ ಗಿಡಕ್ಕೆ ಕಾರಣ ಆಗಸ್ಟಿನಲ್ಲಿರುತ್ತದೆ.

ಸೊಪ್ಪಿನಬೆಟ್ಟ

ನಾಟಾ ಬಿಟ್ಟು ಬೇರೆ ಕಾರಣಕ್ಕೆ ಜನ ಮರ ಬೆಳೆಸುವುದಿಲ್ಲವೇ? ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ (ಸೊಪ್ಪು ತರುವ ಕಾಡುಗುಡ್ಡದ) ಸವಲತ್ತು ಇದೆ. ಒಡೆತನವಿಲ್ಲ, ನಾಟಾ ಹಕ್ಕಿಲ್ಲ. ಆದರೂ ಬೆಟ್ಟವನ್ನು ಕಾಪಾಡಿದ ಊರುಗಳಿವೆ. ಏಕೆಂದರೆ ಅಲ್ಲಿನ ಲಾಭ ಕಡಿಯದೆಯೇ ಬರುತ್ತದೆ: ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಒಣ ಎಲೆ), ಬೇಸಿಗೆಯಲ್ಲಿ ಹಳ್ಳದ ನೀರು. ಬೆಟ್ಟ ಬೋಳಾದರೆ ಕೆಳಗಿನ ತೋಟಕ್ಕೆ ನೀರಿಲ್ಲ ಎಂಬುದು ಪ್ರತಿ ತೋಟಿಗನಿಗೂ ಗೊತ್ತು. ಮತ್ತಿ, ಹೊನಗಲು ಸವರುವಾಗ ತುದಿಯ ಮೂರನೇ ಒಂದು ಭಾಗ ಬಿಡಬೇಕು, ಒಂದೇ ಮರಕ್ಕೆ ಪ್ರತಿ ವರ್ಷ ಕತ್ತಿ ಹಾಕಬಾರದು. ಪೂರ್ತಿ ಬೋಳಿಸಿದ ಮರ ಬೀಜ ಕಟ್ಟುವುದಿಲ್ಲ, ಆಮೇಲೆ ಸಸಿ ಎಲ್ಲಿಂದ?

ಮಾಲ್ಕಿ ಜಮೀನಿಗೂ ಇದೇ ದಾರಿ ಹಿಡಿಯಬಹುದು. ಮುರುಗಲು, ಉಪ್ಪಾಗೆ, ರಾಮಪತ್ರೆ, ವಾಟೆ, ಅಪ್ಪೆಮಿಡಿ, ಅಂಟುವಾಳ: ಕಡಿಯುವ ಅನುಮತಿಯ ಗೊಡವೆಯೇ ಇಲ್ಲದೆ ಆದಾಯ ಕೊಡುವ ಕಾಡುಮರಗಳು. ಆದರೆ ಇಲ್ಲೊಂದು ಎಚ್ಚರಿಕೆ. ಮುರುಗಲು, ಉಪ್ಪಾಗೆ, ರಾಮಪತ್ರೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೀಜದ ಸಸಿ ನೆಟ್ಟರೆ ಸರಿಸುಮಾರು ಅರ್ಧ ಗಂಡು; ಅದು ಗೊತ್ತಾಗುವುದು ಏಳೆಂಟು ವರ್ಷ ಸಾಕಿ ಹೂ ಬಂದ ಮೇಲೆ. ಅಷ್ಟು ಕಾದು ಮೋಸ ಹೋದವನು ಊರಿಗೆಲ್ಲ "ಕಾಡುಗಿಡ ನೆಡಬೇಡಿ" ಎನ್ನುತ್ತಾನೆ. ಹೆಣ್ಣು ಮರದ ಕಸಿ ತನ್ನಿ, ಕಸಿಯ ಕಡ್ಡಿ ನೆಟ್ಟಗೆ ಬೆಳೆಯುವ ಕುಡಿಯಿಂದ ತೆಗೆದದ್ದೇ ಎಂದು ಕೇಳಿ. ಅಡ್ಡ ಕೊಂಬೆಯ ಕಡ್ಡಿಯಾದರೆ ಗಿಡ ಮೇಲೇಳದೆ ನೆಲದ ಮೇಲೆ ಹರಡುತ್ತದೆ. ನಡುವೆ ಬೀಜದ ಸಸಿಗಳೂ ಇರಲಿ, ಗಂಡು ಬೇಕೇ ಬೇಕು. ಬೀಜ ಒಣಗಿಸಿ ಇಡಬೇಡಿ. ಮುರುಗಲು, ರಾಮಪತ್ರೆ, ಧೂಪದ ಬೀಜ ಒಣಗಿದರೆ ಸತ್ತಂತೆಯೇ. ಹಣ್ಣಿನಿಂದ ತೆಗೆದು ತೊಳೆದು ಕೂಡಲೇ ಬಿತ್ತಬೇಕು.

ಬಾಣೆ_ಕಾಫಿ

ಸೊಪ್ಪಿನಬೆಟ್ಟ ಅವರೇ, ನಿಮ್ಮ ಪಟ್ಟಿ ಒಪ್ಪುತ್ತೇನೆ. ಆದರೆ ಹಣ್ಣಿನ ಮರ ಎಂದಾಗ ಆನೆ ಓಡಾಡುವ ಕಡೆ ಲೆಕ್ಕ ಬೇರೆ. ಹಲಸು ಹಣ್ಣಾದರೆ ಆನೆ ತೋಟಕ್ಕೆ ಇಳಿಯುತ್ತದೆ ಎಂದು ನಮ್ಮ ಕಡೆ ಎಳೆಗಾಯನ್ನೇ ಕಡಿದು ಹಾಕುತ್ತಾರೆ. ಅಲ್ಲಿ ಹಲಸು ನೆಡಿ ಎಂದರೆ ಯಾರೂ ಕೇಳುವುದಿಲ್ಲ. ಗಂಧಗರಿಗೆ, ನಂದಿ, ಮತ್ತಿ, ಹಕ್ಕಿಗಳಿಗಾಗಿ ಅತ್ತಿ, ಬಸರಿ ಸಾಕು. ಲೈನ್ ಮನೆ (ಕಾರ್ಮಿಕರ ವಸತಿ), ಕಣದ ಹತ್ತಿರ ಯಾವ ಹಣ್ಣಿನ ಮರವೂ ಬೇಡ.

ಜಾಗತಿಕ_ನೋಟ

ಹೊರದೇಶದ ಎರಡು ಉದಾಹರಣೆ ಈ ಚರ್ಚೆಗೆ ನೇರ ಹೊಂದುತ್ತವೆ. ಕೋಸ್ಟರಿಕಾ 1996ರ ಅರಣ್ಯ ಕಾಯ್ದೆಯ ಮೂಲಕ, ಕಾಡು ಉಳಿಸುವ ಖಾಸಗಿ ಜಮೀನುದಾರರಿಗೆ ಒಪ್ಪಂದದ ಮೇಲೆ ಹಣ ಕೊಡುವ ವ್ಯವಸ್ಥೆ ತಂದಿತು. ಅದರ ಹಣದ ದೊಡ್ಡ ಮೂಲ ಇಂಧನ ತೆರಿಗೆ. ನೀರು, ಇಂಗಾಲ, ಜೀವವೈವಿಧ್ಯ, ನೋಟದ ಚೆಲುವು ಎಂಬ ನಾಲ್ಕು ಸೇವೆಗೆ ಅಲ್ಲಿ ಬೆಲೆ. ನಮ್ಮಲ್ಲಿ ಸಸಿಗೆ ಮೂರು ವರ್ಷ ಹಣ, ನಿಂತ ಮರಕ್ಕೆ ಏನೂ ಇಲ್ಲ. ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಎಕ್ಸ್‌ಟ್ರೆಮಾ ಎಂಬ ಪುರಸಭೆ 2005ರಲ್ಲಿ ಕಾನೂನು ಮಾಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಳೆಯ ಅಂಚಿಗೆ ಬೇಲಿ ಹಾಕುವುದು, ಸಸಿ ನೆಡುವುದು ಪುರಸಭೆಯ ಕೆಲಸ, ರೈತನಿಗೆ ಹೆಕ್ಟೇರಿಗೆ ಇಷ್ಟು ಎಂದು ವರ್ಷ ವರ್ಷ ಹಣ. ಕರಾವಳಿ ಅವರು ಹೇಳಿದ ಬೇಲಿಯ ಹೊರೆಯನ್ನೇ ಅಲ್ಲಿ ರೈತನ ಹೆಗಲಿಂದ ಇಳಿಸಿದ್ದು. ನಮ್ಮ ಪಂಚಾಯಿತಿಗಳು, ಕುಡಿಯುವ ನೀರಿನ ಯೋಜನೆಗಳು ಈ ದಿಕ್ಕಿನಲ್ಲಿ ಯೋಚಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಇಂಗಾಲದ ಕ್ರೆಡಿಟ್ (ಮರ ಹೀರಿದ ಇಂಗಾಲಕ್ಕೆ ಸಿಗುವ ಹಣ) ಎಂದು ಮನೆ ಬಾಗಿಲಿಗೆ ಬರುವವರ ಒಪ್ಪಂದವನ್ನು ಮಾತ್ರ ಸಾವಕಾಶ ಓದಿ. ಈಗಾಗಲೇ ನಿಂತಿರುವ ಮರಕ್ಕೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ, ಹೊಸದಾಗಿ ಬೆಳೆದದ್ದಕ್ಕೆ ಮಾತ್ರ. ಒಪ್ಪಂದ ದಶಕಗಳ ಕಾಲದ್ದು. ಮಧ್ಯೆ ಮರ ಕಡಿದರೆ ಅಥವಾ ಬೆಂಕಿ ಬಿದ್ದರೆ ಹೊಣೆ ಯಾರದು, ಜಮೀನು ಪಾಲಾದರೆ ಏನು, ಅಳತೆಯ ಖರ್ಚು ಯಾರ ಪಾಲಿನಿಂದ ಕಳೆಯುತ್ತಾರೆ ಎಂಬ ಮೂರು ಪ್ರಶ್ನೆಗೆ ಕನ್ನಡದಲ್ಲಿ ಬರೆದ ಉತ್ತರ ಸಿಗುವವರೆಗೆ ಸಹಿ ಬೇಡ.

ದೂರದೂರು

ಜಮೀನು ತೀರ್ಥಹಳ್ಳಿ ಕಡೆ, ಮೂರು ಎಕರೆ ಖುಷ್ಕಿ, ನಾಲ್ವರು ವಾರಸುದಾರರು, ಎಲ್ಲರೂ ಬೆಂಗಳೂರಿನಲ್ಲಿ. ಲಂಟಾನ ತುಂಬಿದೆ, ಅಲ್ಲಲ್ಲಿ ಮತ್ತಿ, ನೇರಳೆ ಚಿಗುರಿವೆ. ಅಲ್ಲೇ ಇದ್ದು ನೋಡಿಕೊಳ್ಳುವವರಿಲ್ಲ. ಇಂಥಲ್ಲಿ ಏನು ಮಾಡುವುದು ಸರ್?

ಕಾಡಂಚು

ನಿಮ್ಮಂಥ ಜಮೀನೇ ಈಗ ಎಲ್ಲಕ್ಕಿಂತ ಹೆಚ್ಚು ಅನುಕೂಲದ್ದು. ಸಸಿ ಕೊಳ್ಳುವ ಮೊದಲು ನಾಲ್ವರೂ ಸೇರಿ ಪೌತಿ ಖಾತೆ ಮಾಡಿಸಿ, ಕಾಡಿಗೆ ಬಿಡುವ ಭಾಗ ಯಾರ ಪಾಲಿಗೆ, ಮುಂದೆ ನಾಟಾ ಬಂದರೆ ಹಂಚಿಕೆ ಹೇಗೆ ಎಂದು ಬರೆದಿಟ್ಟುಕೊಳ್ಳಿ. ಒಬ್ಬರ ಒಪ್ಪಿಗೆ ಇಲ್ಲದೆ ನೆಟ್ಟದ್ದು ಪಾಲಿನ ದಿನ ಜೆಸಿಬಿಗೆ ಹೋಗುತ್ತದೆ.

ಚಿಗುರು ಇರುವ ಕಡೆ ಗುಂಡಿ ತೆಗೆಯುವುದೇ ಬೇಡ. ಬುಡದಿಂದ ನಾಲ್ಕೈದು ಚಿಗುರು ಬಂದಿದ್ದರೆ ಗಟ್ಟಿಯಾದ ಒಂದೋ ಎರಡೋ ಉಳಿಸಿ ಮಿಕ್ಕದ್ದು ತೆಗೆಯಿರಿ. ತಾನಾಗಿ ಹುಟ್ಟಿದ ಸಸಿಗಳ ಸುತ್ತ ಮೂರು ಅಡಿ ಬಿಡಿಸಿ ಗೂಟ ನೆಡಿ. ಲಂಟಾನವನ್ನು ಮೇಲಿಂದ ಸವರಿದರೆ ಇನ್ನೂ ಒತ್ತಾಗಿ ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ನೆಲಮಟ್ಟದಿಂದ ಎರಡು ಇಂಚು ಕೆಳಗೆ ತಾಯಿಬೇರು ಕಡಿದು, ಇಡೀ ಮಟ್ಟಿಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು, ಅದೂ ಹೂ ಕಾಯಿ ಆಗುವ ಮೊದಲು. ಮೂರೂ ಎಕರೆ ಒಮ್ಮೆಗೇ ಬೋಳಿಸಬೇಡಿ. ಬಯಲಾದ ನೆಲಕ್ಕೆ ಕಮ್ಯುನಿಸ್ಟ್ ಗಿಡ ನುಗ್ಗುತ್ತದೆ. ವರ್ಷಕ್ಕೊಂದು ಎಕರೆ ಸಾಕು, ಮರದ ನೆರಳು ಇರುವ ಕಡೆಯಿಂದ ಶುರು ಮಾಡಿ. ಸಸಿ ನೆಡುವುದು ಖಾಲಿ ಉಳಿದ ಜಾಗದಲ್ಲಿ ಮಾತ್ರ, ಎಕರೆಗೆ 60–80 ಗಿಡ ಆದರೂ ನಡೆಯುತ್ತದೆ.

ಅಲ್ಲೇ ಇರುವವರಿಲ್ಲ ಎಂದಿರಿ. ದನ ಮೇಯಿಸುವ ಮನೆಯವರ ಹತ್ತಿರವೇ ಮಾತಾಡಿ: ಹುಲ್ಲು ಕೊಯ್ದು ಒಯ್ಯಲಿ, ಬಿದ್ದ ಸೌದೆ ತೆಗೆದುಕೊಳ್ಳಲಿ, ದನ ಒಳಗೆ ಬಿಡದಿರಲಿ. ಸವರುವ ಕೂಲಿಯೂ ಅವರಿಗೇ ಸಿಗಲಿ. ಡಿಸೆಂಬರ್ ಕೊನೆಯೊಳಗೆ ಗಡಿಗುಂಟ ಹತ್ತು ಅಡಿ ಅಗಲ ಬೆಂಕಿ ರೇಖೆ ಕೆರೆಸಿ, ಫೆಬ್ರವರಿಯಲ್ಲಿ ಉದುರಿದ ಎಲೆಯನ್ನು ಇನ್ನೊಮ್ಮೆ ಗುಡಿಸಬೇಕು. ರಸ್ತೆ ಬದಿ ಮತ್ತು ಪಕ್ಕದವರು ಬೇಣ (ಹುಲ್ಲುಗಾವಲು) ಸುಡುವ ಬದಿಗೆ ಹದಿನೈದು ಅಡಿ ಬಿಡಿ. ಗುಡಿಸಿದ ತರಗೆಲೆಯನ್ನು ಅಲ್ಲೇ ಸುಡದೆ ಸಸಿಗಳ ಬುಡಕ್ಕೆ ಹಾಕಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ದೂರಕ್ಕೆ.